ಖಚಿತವಾಗುವ ಹೊತ್ತಿಗೆ

ಯಾರದಾದರೂ ಮನೆಗೆ ಹೋಗಿ, ಕೂತ ಕೂಡಲೇ "ನಿಮ್ಮ ಮದುವೆ ಆಲ್ಬಂ ಸ್ವಲ್ಪ ತೋರಿಸ್ತೀರಾ?" ಎಂದು ಕೇಳುವ ವಿಜ್ಞಾನಿಯನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅಂಥವಳು. ಮನೆತನಗಳಲ್ಲಿ ಹರಿದುಬರುವ ಅಪರೂಪದ ಕಾಯಿಲೆಗಳನ್ನು ಹುಡುಕುವುದು ನನ್ನ ಕೆಲಸ. ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಮೂರು ತಲೆಮಾರಿನವರೆಗೆ ಬಿಡಿಸಿಕೊಳ್ಳದೆ ಆ ಕೆಲಸ ಶುರುವೇ ಆಗುವುದಿಲ್ಲ. ನೇರವಾಗಿ "ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ?" ಎಂದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಮದುವೆಗಿರುವ ಹೆಣ್ಣುಮಕ್ಕಳಿರುತ್ತಾರೆ, ಸುದ್ದಿ ಹೊರಗೆ ಹೋದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆ. ಆಲ್ಬಂ ಬಿಚ್ಚಿದರೆ ಮಾತ್ರ ಕಥೆಯೇ ಬೇರೆ. ಧಾರೆಯ ಫೋಟೋದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂದು ತೋರಿಸುತ್ತ ತೋರಿಸುತ್ತ ಅವರೇ ಹೇಳುತ್ತಾರೆ: ಇವರು ನಮ್ಮ ದೊಡ್ಡಮ್ಮ, ಪಾಪ, ಇವರದೊಂದು ಗಂಡುಮಗು ಉಳಿಯಲಿಲ್ಲ.

ಈ ಉಪಾಯ ನನ್ನದಲ್ಲ, ಮೇಷ್ಟ್ರದು. ಮೇಷ್ಟ್ರು ಎಂದರೆ ನನಗೆ ತಳಿವಿಜ್ಞಾನ ಕಲಿಸಿದ ಪ್ರಾಧ್ಯಾಪಕರು. ನಿವೃತ್ತರಾಗಿ ಮೈಸೂರಿನ ಗೋಕುಲಂನ ತಮ್ಮ ಮನೆಯಲ್ಲಿದ್ದಾರೆ. ಅವರ ತಾತ ಅರಮನೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು. ನಮ್ಮ ತಾತ ರಾಗಿ ಬೆಳೆಯುತ್ತಿದ್ದವರು, ನಮ್ಮಪ್ಪ ಮೈಸೂರಿಗೆ ಬಂದು ಸೈಕಲ್ ಅಂಗಡಿ ಇಟ್ಟವರು. ಮೊದಲ ಸಲ ಮೇಷ್ಟ್ರ ಮನೆಗೆ ಹೋದಾಗ ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟು ಒಳಗೆ ಹೋಗಿದ್ದೆ. ಅವರು ಎದ್ದು ಬಂದು, ನನ್ನ ಚಪ್ಪಲಿಯನ್ನು ತಾವೇ ಕೈಯಲ್ಲಿ ಎತ್ತಿ ತಂದು ಬಾಗಿಲ ಬಳಿ ಇಟ್ಟು, "ನಾಯಿ ಎತ್ಕೊಂಡು ಹೋಗುತ್ತೆ ಕಣಮ್ಮ" ಎಂದರು. ಆ ದಿನದಿಂದ ಅವರು ಏನು ಹೇಳಿದರೂ ಕೇಳಬೇಕು ಎಂದು ನಿರ್ಧಾರ ಮಾಡಿಬಿಟ್ಟೆ. ಅವರ ಮನೆಯ ಮಹಡಿಯಲ್ಲಿ ಯಾವಾಗಲೂ ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆಗೆ ಇರುತ್ತಾರೆ. ಮೇಲೆ ಅವರು ಉಸಿರು ಬಿಗಿಹಿಡಿದು ಕೂತಿರುವಾಗ ಕೆಳಗೆ ಮೇಷ್ಟ್ರು ನನ್ನ ಬರಹವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. "ನಿಸ್ಸಂಶಯವಾಗಿ" ಎಂದು ಎಲ್ಲಾದರೂ ಬರೆದಿದ್ದರೆ ಮುಗಿಯಿತು. "ಯಾರ ಸಂಶಯ ಹೋಯ್ತು? ನಂದಂತೂ ಹೋಗಿಲ್ಲ" ಎನ್ನುತ್ತಿದ್ದರು.

ಡಾಕ್ಟರೇಟ್ ಮುಗಿದ ಮೇಲೆ ಒಂದು ಸರ್ಕಾರಿ ಯೋಜನೆಗೆ ಅರ್ಜಿ ಹಾಕಿದೆ. ವೃತ್ತಿಯ ಆರಂಭದಲ್ಲಿರುವ ವಿಜ್ಞಾನಿಗಳಿಗೆ ಎಂದೇ ಇದ್ದ ಹಣ ಅದು. ಸಂದರ್ಶನದಲ್ಲಿ ಉದ್ದನೆಯ ಮೇಜಿನ ಆಚೆ ಕೂತಿದ್ದವರಲ್ಲಿ ಒಬ್ಬರು ಕೇಳಿದರು, "ಇಂಥ ಕಾಯಿಲೆ ದೇಶದಲ್ಲಿ ಎಷ್ಟು ಜನಕ್ಕಿದೆ?"

"ಗೊತ್ತಿಲ್ಲ ಸರ್. ಯಾರೂ ಹುಡುಕಿಲ್ಲ."

"ಎಷ್ಟಿದೆ ಅಂತಾನೇ ಗೊತ್ತಿಲ್ಲದ್ದಕ್ಕೆ ದುಡ್ಡು ಕೊಡೋದು ಹೇಗಮ್ಮ?"

"ದುಡ್ಡು ಕೊಟ್ರೆ ಹುಡುಕ್ತೀನಿ ಸರ್."

ಎಲ್ಲರೂ ನಕ್ಕರು. ನನ್ನ ನಾಲಿಗೆ ಇಂಥ ಕಡೆಯೇ ಉದ್ದವಾಗುವುದು. ಈ ಸಲ ನನ್ನ ಕಥೆ ಮುಗಿಯಿತು ಎಂದುಕೊಂಡು ಬಂದೆ, ಆದರೆ ಆಯ್ಕೆಯಾಗಿತ್ತು. ನಕ್ಕಿದ್ದಕ್ಕೇ ಕೊಟ್ಟರೋ ಏನೋ. ಒಂದು ಷರತ್ತು ಮಾತ್ರ ಇತ್ತು: ನನಗೊಬ್ಬ ಮಾರ್ಗದರ್ಶಕರು ಇರಬೇಕು, ಅವರು ಸೇವೆಯಲ್ಲಿರಬೇಕು. ಮೇಷ್ಟ್ರು ನಿವೃತ್ತರು, ಅವರು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಾಗದದ ಮೇಲೆ ನನ್ನ ಮಾರ್ಗದರ್ಶಕರಾದವರು ವಿಭಾಗದ ಮುಖ್ಯಸ್ಥರು. ಅವರು ಒಳ್ಳೆಯವರೇ. ಸಕ್ಕರೆ ಕಾಯಿಲೆಯ ಮೇಲೆ ಕೆಲಸ ಮಾಡುವವರು. ಸಹಿ ಬೇಕೆಂದು ಹೋದಾಗಲೆಲ್ಲ, "ಶುಗರ್ ತಗೊಳ್ರೀ. ಬೀದಿಗೆ ಹತ್ತು ಜನ ಸಿಗ್ತಾರೆ. ಈ ಒಂದು ಮನೆ ಹುಡುಕ್ಕೊಂಡು ಅಲೆಯೋ ಕರ್ಮ ಯಾಕೆ ನಿಮಗೆ?" ಎಂದು ಬುದ್ಧಿ ಹೇಳಿ ಸಹಿ ಹಾಕುತ್ತಿದ್ದರು.

ಆ ಒಂದು ಮನೆ ಕೆಸರೆಯಲ್ಲಿತ್ತು.

ಮಕ್ಕಳ ವೈದ್ಯರೊಬ್ಬರು ನನ್ನನ್ನು ಊರಂಚಿನ ಆ ಬಡಾವಣೆಗೆ ಕಳಿಸಿದ್ದರು. ಎರಡು ಕೋಣೆಯ ತಾರಸಿ ಮನೆ, ಮುಂದೆ ಗೂಡ್ಸ್ ಆಟೋ ನಿಂತಿರುತ್ತಿತ್ತು. ಗಂಡ ಬೆಳಿಗ್ಗೆ ಮಾರುಕಟ್ಟೆಗೆ ತರಕಾರಿ ಹೊಡೆಯುವವನು. ಹೆಂಡತಿ ನನಗಿಂತ ಚಿಕ್ಕವಳು, ಚುರುಕು ಹುಡುಗಿ, ಮಾತಿಗೆ ಮುಂಚೆ ನಗುವವಳು. ಅವರ ಮಗಳಿಗೆ ಆಗ ಮೂರು ವರ್ಷ. ಒಂದೂವರೆ ವರ್ಷದವರೆಗೆ ಎಲ್ಲ ಮಕ್ಕಳಂತೆ ಬೆಳೆದು, ಓಡಾಡಿ, "ಅಜ್ಜಿ" "ಬೌಬೌ" ಎಂದೆಲ್ಲ ಹೇಳುತ್ತಿದ್ದ ಮಗು ನಂತರ ಒಂದೊಂದನ್ನೇ ಬಿಡುತ್ತ ಬಂದಿತ್ತು. ಮೊದಲು ಮಾತು ಹೋಯಿತು, ಆಮೇಲೆ ನಡಿಗೆ. ನಾನು ನೋಡುವ ಹೊತ್ತಿಗೆ ಕೂರಿಸಿದರೆ ಕೂರುತ್ತಿತ್ತು, ಗಂಜಿ ನುಂಗಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಆಟೋ ಹಾರ್ನ್ ಕೇಳಿದರೆ ಮಾತ್ರ ಕಣ್ಣು ಅಗಲಿಸಿ ಬಾಗಿಲ ಕಡೆ ನೋಡುತ್ತಿತ್ತು.

ಆಲ್ಬಂ ಕೇಳಿದೆ. ಗಂಡಹೆಂಡಿರಿಬ್ಬರಿಗೂ ನಾಚಿಕೆಯಾಯಿತು. ಅವಳನ್ನು ಮದುವೆಯಾಗಿದ್ದವನು ಅವಳ ತಾಯಿಯ ತಮ್ಮ, ಸೋದರಮಾವ. "ನೋಡಿ ಮೇಡಂ, ಅದೇ ಜನ ಗಂಡಿನ ಕಡೆ ಫೋಟೋದಾಗೂ ನಿಂತವ್ರೆ, ಹೆಣ್ಣಿನ ಕಡೆ ಫೋಟೋದಾಗೂ ನಿಂತವ್ರೆ. ಬೀಗ್ರೂಟಕ್ಕೆ ಯಾರ್ನ ಕರಿಬೇಕು ಅಂತ್ಲೇ ಗೊತ್ತಾಗ್ಲಿಲ್ಲ" ಎಂದು ಅವಳು ನಕ್ಕಳು. ಅವಳ ಅತ್ತೆಯೇ ಅವಳ ಅಜ್ಜಿ. ಆ ಅಜ್ಜಿ ಗೋಡೆಗೆ ಒರಗಿ ಕೂತು, ನಾನು ಪುಟ ತಿರುಗಿಸುವುದನ್ನೇ ನೋಡುತ್ತಿದ್ದರು. ಒಂದು ಫೋಟೋ ಬಂದಾಗ ತಾವಾಗಿಯೇ ಹೇಳಿದರು, "ಅವಳು ನನ್ ತಂಗಿ ಕಣವ್ವ. ಅವಳ್ದೂ ಒಂದು ಇಂಗೇ ಆಗಿತ್ತು. ಆಗ ಗಾಳಿ ಸೋಕೈತೆ ಅಂದ್ರು."

ನನಗೆ ಬೇಕಾಗಿದ್ದು ಅದೇ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಒಂದೇ ವಂಶವಾಹಿಯ ಎರಡು ಕೆಟ್ಟ ಪ್ರತಿಗಳು ಬಂದು ಸೇರಿದರೆ ಮಾತ್ರ ಹುಟ್ಟುವ ಕಾಯಿಲೆ ಇದು. ಒಳಗೊಳಗೇ ಸಂಬಂಧ ಬೆಳೆಸಿದ ಮನೆಗಳಲ್ಲಿ ಅವು ಸೇರುವ ಸಂಭವ ಹೆಚ್ಚು, ಅಷ್ಟೆ. ಇದನ್ನು ಅವರಿಗೆ ಹೇಳುವಾಗ ಮೇಷ್ಟ್ರು ಕಲಿಸಿದ ಹಾಗೇ ಹೇಳಿದೆ: ತಪ್ಪು ಯಾರದೂ ಅಲ್ಲ. ಅಜ್ಜಿ ಎದ್ದು ಒಳಗೆ ಹೋದರು. ಆ ಮದುವೆ ಮಾಡಿಸಿದ್ದು ಅವರೇ ಎಂದು ನನಗೆ ಆಮೇಲೆ ತಿಳಿಯಿತು.

ಮನೆಯವರ ರಕ್ತದಿಂದ ವಂಶವಾಹಿಗಳನ್ನೆಲ್ಲ ಓದಿಸಿದಾಗ ಮಗುವಿನ ಒಂದು ವಂಶವಾಹಿಯ ಎರಡೂ ಪ್ರತಿಗಳಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದುದು ಸಿಕ್ಕಿತು. ಜೀವಕೋಶದೊಳಗಿನ ಕಸ ಕರಗಿಸುವ ಒಂದು ಕಿಣ್ವವನ್ನು ತಯಾರಿಸುವ ವಂಶವಾಹಿ ಅದು. ಆದರೆ ಆ ಬದಲಾವಣೆಯನ್ನು ಜಗತ್ತಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಅದು ಕಾಯಿಲೆಯ ಕಾರಣವೋ, ಅಥವಾ ಸುಮ್ಮನೆ ಆ ಮನೆತನಕ್ಕೆ ಇರುವ ಒಂದು ಮಚ್ಚೆಯಂಥದ್ದೋ, ಹೇಳುವಂತಿಲ್ಲ. ಹೇಳಬೇಕಾದರೆ ಮಗುವಿನ ಚರ್ಮದ ಚೂರಿನಿಂದ ಕೋಶಗಳನ್ನು ಬೆಳೆಸಿ, ಅವುಗಳಲ್ಲಿ ಕಿಣ್ವ ಕೆಲಸ ಮಾಡುತ್ತಿದೆಯೇ ಎಂದು ಅಳೆದು ನೋಡಬೇಕು. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಆಸ್ಪತ್ರೆಯಲ್ಲಿ ಮಗುವಿನ ತೋಳಿನಿಂದ ಕಾಳಿನಷ್ಟು ಚರ್ಮ ತೆಗೆಸಿದೆವು. ಅವತ್ತು ಮಗುವಿನ ತಾಯಿ, ಆ ಹುಡುಗಿ, ನನ್ನನ್ನು ಕೇಳಿದಳು, "ಇದ್ರಿಂದ ಇವಳು ಸರೋಯ್ತಾಳಾ ಮೇಡಂ?"

"ಇಲ್ಲಮ್ಮ. ಇವಳಿಗೆ ಆಗಲ್ಲ. ನಿಂಗೆ ಇನ್ನೊಂದು ಮಗು ಬೇಕು ಅನ್ನಿಸಿದಾಗ, ಅದಕ್ಕೂ ಹೀಗಾಗುತ್ತಾ ಅಂತ ಬಸಿರಲ್ಲೇ ನೋಡಬಹುದು. ಅದಕ್ಕೇ ಬಸಿರಾದ ತಕ್ಷಣ ನಂಗೆ ಹೇಳಬೇಕು."

"ಯೋಳ್ತೀನಿ" ಎಂದಳು.

ಕೋಶಗಳು ಬೆಳೆದವು. ಚಪ್ಪಟೆ ಬಾಟಲಿಯ ತಳದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಉದ್ದುದ್ದ ಮೀನಿನ ಮರಿಗಳ ಹಾಗೆ ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಅವಕ್ಕೆ ವಾರದಲ್ಲಿ ಎರಡು ಮೂರು ಸಲ ಹಳೆಯ ದ್ರಾವಣ ತೆಗೆದು ಹೊಸದು ಹಾಕಬೇಕು. ಭಾನುವಾರ, ಹಬ್ಬ, ಮುಟ್ಟು, ಜ್ವರ ಏನೂ ನಡೆಯುವುದಿಲ್ಲ. ಆ ಕೋಣೆಯ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಎಷ್ಟು ವರ್ಷವಾಗಿತ್ತೋ ನಾನು ಅಲ್ಲಿಗೆ ಹೋಗಿ. ಅಮ್ಮ ಬೈಯುತ್ತಿದ್ದಳು: "ಹೆತ್ತ ಮಕ್ಕಳನ್ನೂ ಯಾರೂ ಇಷ್ಟು ನೋಡ್ಕೊಳ್ಳಲ್ಲ, ಅದೇನು ಸಾಕ್ತಿದ್ದೀಯೋ ಬಾಟ್ಲೀಲಿ."

ಅಲ್ಲಿಗೆ ಹಣ ನಿಂತಿತು. ಮೊದಲ ವರ್ಷದ ಖರ್ಚಿನ ಲೆಕ್ಕ ಕೊಟ್ಟರೆ ಎರಡನೇ ವರ್ಷದ ಹಣ ಬರುತ್ತದೆ. ಲೆಕ್ಕ ಕೊಟ್ಟಿದ್ದೆ. ಅದು ಯಾವ ಮೇಜಿನ ಮೇಲೆ ಇದೆ ಎಂದು ಕೇಳಿದರೆ ಪ್ರತಿ ಸಲವೂ ಬೇರೆ ಮೇಜು ಹೇಳುತ್ತಿದ್ದರು. ಕಿಣ್ವ ಅಳೆಯಲು ಬೇಕಾದ ರಾಸಾಯನಿಕ ವಿದೇಶದಿಂದ ಮಂಜುಗಡ್ಡೆಯಲ್ಲಿಟ್ಟು ಬರಬೇಕು, ಅದನ್ನು ಕೈಯಿಂದ ಕೊಳ್ಳುವುದು ನನ್ನ ಅಳವಿನ ಮಾತಲ್ಲ. ನನ್ನ ಸಂಬಳವೂ ಬರುತ್ತಿರಲಿಲ್ಲ. ನಮ್ಮ ದೇಶದ ಯಾವ ಖಾಸಗಿ ಲ್ಯಾಬಿನಲ್ಲೂ ಈ ಕಿಣ್ವದ ಪರೀಕ್ಷೆ ಇರಲಿಲ್ಲ. ಹೊರದೇಶಕ್ಕೆ ಕೋಶ ಕಳಿಸಲು ಬೇಕಾದ ಅನುಮತಿಗೂ ಅರ್ಜಿ ಹಾಕಿದೆ, ಅದೂ ಮೇಜುಗಳ ನಡುವೆ ಕಳೆದುಹೋಯಿತು.

ಕೋಶಗಳಿಗೆ ಇದೆಲ್ಲ ಅರ್ಥವಾಗುವುದಿಲ್ಲವಲ್ಲ. ಅವಕ್ಕೆ ಹೊಟ್ಟೆಗೆ ಹಾಕಲೇಬೇಕು. ಅರ್ಧದಷ್ಟನ್ನು ಶೀತಲೀಕರಿಸಿಟ್ಟೆ, ಉಳಿದದ್ದನ್ನು ಮೇಷ್ಟ್ರು ನೋಡಿಕೊಂಡರು. ನೋಡಿಕೊಂಡರು ಎಂದರೆ ಮಹಡಿಯ ಮೇಲಿನ ಯೋಗದವರ ಬಾಡಿಗೆಯನ್ನು ತಂದು ನನ್ನ ಕೈಗಿಡುತ್ತಿದ್ದರು. ಬೇಡ ಎಂದು ಒಂದು ಸಲ ಜಗಳವಾಡಿದೆ. "ಅವರು ಮೇಲೆ ತಲೆ ಕೆಳಗೆ ಮಾಡಿ ನಿಂತ್ಕೊಳೋದಕ್ಕೆ ಕೊಡೋ ದುಡ್ಡು. ಕೆಳಗೆ ಯಾರಾದ್ರೂ ನೆಟ್ಟಗೆ ನಿಲ್ಲೋದಕ್ಕೆ ಖರ್ಚಾಗ್ಲಿ ಬಿಡಮ್ಮ" ಎಂದರು. ಅವರ ಹೆಂಡತಿ ಆಮೇಲಾಮೇಲೆ ಕಾಫಿ ಮಾತ್ರ ಕೊಡುತ್ತಿದ್ದರು, ಜೊತೆಗೆ ಏನಾದರೂ ತಿನ್ನಲು ಕೊಡುವುದು ನಿಂತಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೇ ಅವರ ಜಾಗದಲ್ಲಿದ್ದಿದ್ದರೆ ಕಾಫಿಯನ್ನೂ ಕೊಡುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಕೆಸರೆಯ ಹುಡುಗಿ ಗಂಡನ ಜೊತೆ ಆಟೋದಲ್ಲಿ ನಮ್ಮ ವಿಭಾಗಕ್ಕೇ ಬಂದಳು. ಕೈತುಂಬಾ ಹಸಿರು ಬಳೆ. ಹಣೆಗೆ ದೊಡ್ಡ ಕುಂಕುಮ. ಒಂದು ಡಬ್ಬಿಯಲ್ಲಿ ಸಿಹಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸಂತೋಷಕ್ಕಿಂತ ಮೊದಲು ನಾನು ಕೇಳಿದ್ದು, "ಎಷ್ಟು ತಿಂಗಳು?" ಎಂದು.

"ನಾಕು ತುಂಬ್ತು" ಎಂದಳು.

"ತಕ್ಷಣ ಹೇಳು ಅಂತ ಹೇಳಿದ್ದೆನಲ್ಲಮ್ಮ!"

ನನ್ನ ದನಿ ಜೋರಾಗಿರಬೇಕು. ಅವಳ ಮುಖ ಸಣ್ಣಗಾಯಿತು. "ಮೂರು ತುಂಬೋಗಂಟ ಯಾರ್ಗೂ ಯೋಳ್ಬಾರ್ದು ಅಂದ್ಬುಟ್ರು ಅಜ್ಜಿ. ಮೊದ್ಲೇ ಒಂದು ಇಂಗಾಗದೆ, ಕಣ್ಣು ಬಿದ್ದಾತು, ಬಾಯ್ ಬುಡ್ಬೇಡ ಅಂತ ಆಣೆ ಇಡ್ಸ್ಕೊಂಡ್ರು. ನಮ್ಮವ್ವಂಗೂ ಯೋಳಿಲ್ಲ ಮೇಡಂ. ಮೂರು ತುಂಬುದ್ಮೇಲೆ ದಿನ ಸರಿಯಿಲ್ಲ ಅಂದ್ರು. ಬಳೆ ತೊಡ್ಸಿದ್ ಮೇಲೆ ಮೊದ್ಲು ನಿಮ್ತಾವ್ಕೇ ಬಂದ್ಬುಟ್ಟೆ."

ನಮ್ಮ ಮನೆಯಲ್ಲೂ ಹಾಗೇ. ನನ್ನ ಅಕ್ಕ ಮೂರು ತಿಂಗಳು ವಾಂತಿ ಮಾಡುತ್ತ ಓಡಾಡಿದಾಗಲೂ ಯಾರಾದರೂ ಕೇಳಿದರೆ ಅಮ್ಮ "ಪಿತ್ತ" ಎನ್ನುತ್ತಿದ್ದಳು. ಮಗುವನ್ನು ಕಾಪಾಡಲೆಂದೇ ಬಾಯಿ ಮುಚ್ಚಿಕೊಳ್ಳುತ್ತೇವೆ. ಆ ಅಜ್ಜಿಗೆ ಬೇರೆ ಯಾವ ರಕ್ಷಣೆ ಗೊತ್ತಿತ್ತು? ಆ ಮೂರು ತಿಂಗಳು ಮೊದಲೇ ಗೊತ್ತಾಗಿದ್ದರೂ ನನ್ನ ಹತ್ತಿರ ರಾಸಾಯನಿಕ ಇರಲಿಲ್ಲ, ಅದು ನಿಜ. ಆದರೂ ಓಡಾಡಲು, ಕಾಲು ಹಿಡಿಯಲು, ಬೈಯಲು ಸಮಯವಾದರೂ ಇರುತ್ತಿತ್ತು. ಅವಳು ಕೊಟ್ಟ ಸಿಹಿಯನ್ನು ಅವಳೆದುರೇ ತಿಂದೆ.

ಬಸಿರಿನ ನೀರು ತೆಗೆದು ಮಗುವಿನ ಪರೀಕ್ಷೆ ಮಾಡುವ ವೈದ್ಯೆಯ ಬಳಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ವೈದ್ಯೆ ನನ್ನ ವರದಿಯನ್ನು ಪೂರ್ತಿ ಓದಿದರು. ಒಳ್ಳೆಯ ವೈದ್ಯೆ, ಆತುರಪಡುವವರಲ್ಲ.

"ಈ ಬದಲಾವಣೆಯೇ ಕಾಯಿಲೆಗೆ ಕಾರಣ ಅಂತ ನೀವು ಬರೆದು ಕೊಡ್ತೀರಾ?" ಎಂದು ಕೇಳಿದರು.

"ನನಗೆ ಹಾಗೇ ಅನ್ನಿಸುತ್ತೆ ಡಾಕ್ಟ್ರೇ."

"ಅನ್ನಿಸೋದು ಬೇರೆ. ಮಗುವಿಗೆ ಆ ಬದಲಾವಣೆ ಎರಡೂ ಕಡೆಯಿಂದ ಬಂದಿದೆ ಅಂತ ಪರೀಕ್ಷೇಲಿ ಬಂತು ಅಂತಿಟ್ಕೊಳ್ಳಿ. ಈ ಹುಡುಗಿ ನನ್ನನ್ನ ಕೇಳ್ತಾಳೆ, ಇಟ್ಕೊಳ್ಲಾ, ತೆಗೆಸ್ಲಾ ಅಂತ. ನಾನು ಏನು ಹೇಳ್ಲಿ? ನಿಮ್ಮ ಕಾರಣ ತಪ್ಪಾಗಿದ್ರೆ?"

ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. "ಬರ್ಕೊಡಿ ಮೇಡಂ. ನೀವೇ ಯೋಳಿದ್ರಲ್ಲ, ನೋಡ್ಬೋದು ಅಂತ" ಎಂದಳು. ವಾರದೊಳಗೆ ಹೇಳುತ್ತೇನೆ ಎಂದು ಎದ್ದು ಬಂದೆ.

ಅವತ್ತೇ ಗೋಕುಲಂಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಎಲ್ಲ ಕೇಳಿ, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, "ಬರೀಬೇಡ" ಎಂದರು.

"ಸರ್, ನಂಗೆ ಗೊತ್ತು, ಇದೇ ಕಾರಣ."

"ಗೊತ್ತಿಲ್ಲ ಕಣಮ್ಮ. ಗೊತ್ತು ಅನ್ನೋದು ನಿನ್ನ ಆಸೆ. ನೀನು ಬರೆದುಕೊಟ್ಟು, ಅದು ತಪ್ಪಾಗಿ, ಚೆನ್ನಾಗಿರೋ ಮಗು ಹೋಗಿಬಿಟ್ರೆ? ಆಮೇಲೆ ಆ ತಾಯಿ ಮುಖ ಹೇಗೆ ನೋಡ್ತೀಯಾ?"

"ಈಗ ಹೇಗೆ ನೋಡ್ಲಿ ಸರ್?" ಎಂದು ಕೂಗಿದೆ. ಮೇಲೆ ಯೋಗದವರು ಕಿಟಕಿ ಮುಚ್ಚಿದ ಸದ್ದಾಯಿತು. ಮೇಷ್ಟ್ರ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರ ಮಾತು ಸರಿಯಾಗಿತ್ತು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ನಾನು ಬರೆದುಕೊಡಲಿಲ್ಲ.

ಮಾರ್ಚ್ ಕೊನೆಯ ವಾರ ಲೆಕ್ಕಪತ್ರ ವಿಭಾಗದಿಂದ ಫೋನು ಬಂತು. "ಮೇಡಂ, ನಿಮ್ ದುಡ್ ಬಂದದೆ, ಸ್ವೀಟ್ ಕೊಡ್ಸಿ!" ಓಡಿ ಹೋದೆ. ಮೆಟ್ಟಿಲ ಮೇಲೆ ಒಮ್ಮೆ ಎಡವಿದೆ ಕೂಡ. ಅಲ್ಲಿನ ಅಧಿಕಾರಿ ನಗುನಗುತ್ತಲೇ ನಿಯಮ ಹೇಳಿದರು: ಹಣಕಾಸು ವರ್ಷ ಮುಗಿಯುವುದರೊಳಗೆ ಖರ್ಚಾಗದ ಹಣ ತಾನಾಗಿಯೇ ವಾಪಸ್ ಹೋಗುತ್ತದೆ. ಖರ್ಚು ಎಂದರೆ ಸಾಮಾನು ಬಂದು, ಬಿಲ್ಲು ಪಾಸಾಗಿರಬೇಕು. ಕೊಳ್ಳಬೇಕಾದರೆ ಮೂರು ಕಡೆಯಿಂದ ದರಪಟ್ಟಿ ತರಿಸಬೇಕು. ಈ ರಾಸಾಯನಿಕ ಮಾಡುವುದು ಒಂದೇ ಕಂಪನಿ ಎಂದರೆ, ಹಾಗೆಂದು ಪ್ರಮಾಣಪತ್ರ ಕೊಟ್ಟು ಸಮಿತಿ ಕೂರಿಸಬೇಕು. ನಡುವೆ ಭಾನುವಾರ, ರಜೆ. ಸಮಿತಿಯ ಒಬ್ಬರು ಊರಿಗೆ ಹೋಗಿದ್ದರು.

"ಮುಂದಿನ ವರ್ಷ ಮತ್ತೆ ಬರ್ತದೆ ಬುಡಿ ಮೇಡಂ, ಎಲ್ಲಿಗೋಯ್ತದೆ?" ಎಂದರು ಅಧಿಕಾರಿ. ಅವರು ಕೆಟ್ಟವರಲ್ಲ. ಅವರಿಗೆ ಅದೊಂದು ಫೈಲು. ವರ್ಷವಿಡೀ ಇಂಥ ಎಷ್ಟು ಫೈಲುಗಳ ಹಣ ಹೀಗೆ ಬಂದು ಮುಖ ತೋರಿಸಿ ಹೋಗುವುದನ್ನು ಅವರು ನೋಡಿದ್ದಾರೋ. ನನ್ನ ಮಾರ್ಗದರ್ಶಕರಾದ ಮುಖ್ಯಸ್ಥರು ಪಾಪ ಎರಡು ಕಡೆ ಫೋನು ಮಾಡಿದರು. ಅವರ ಸಕ್ಕರೆ ಕಾಯಿಲೆಯ ಹಣವೂ ಹಾಗೇ ವಾಪಸ್ ಹೋಗುತ್ತಿತ್ತು ಎಂದು ಅವತ್ತು ಗೊತ್ತಾಯಿತು.

ಹಣ ಹೋಯಿತು. ಹುಡುಗಿಗೆ ಐದು ತುಂಬಿ ಆರು ನಡೆಯುತ್ತಿತ್ತು. ಪರೀಕ್ಷೆ ಮಾಡಿಸಿ, ಯೋಚಿಸಿ, ತೀರ್ಮಾನ ತೆಗೆದುಕೊಳ್ಳಲು ಕಾನೂನು ಕೊಡುವ ಸಮಯ ಒಂದೊಂದೇ ದಿನವಾಗಿ ಮುಗಿಯಿತು. ನಾನು ಕೆಸರೆಗೆ ಹೋಗಿ, "ಆಗಲಿಲ್ಲಮ್ಮ" ಎಂದೆ. ಎಲ್ಲವನ್ನೂ ಹೇಳಿದೆ, ಮಾರ್ಚ್ ಕಥೆಯನ್ನೂ ಹೇಳಿದೆ. ಅವಳ ಗಂಡ ಮಾತ್ರ ಅದನ್ನು ಅರ್ಥ ಮಾಡಿಕೊಳ್ಳಲು ನೋಡಿದ. "ದುಡ್ಡು ಬಂತು, ಆದ್ರೆ ಬರ್ಲಿಲ್ಲ ಅಂತೀರಿ" ಎಂದ. ಅಷ್ಟೇ, ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಒಳಗೆ ಮಲಗಿದ್ದ ಮಗಳು ಕೆಮ್ಮಿದಾಗ ಎದ್ದು ಹೋದಳು.

ಆಷಾಢದಲ್ಲಿ ಮಗು ಹುಟ್ಟಿತು. ಗಂಡು. ಬೆಟ್ಟಕ್ಕೆ ಜನ ಸಾಲುಗಟ್ಟಿ ಹತ್ತುವ ಶುಕ್ರವಾರ ಅದು, ಊರ ತುಂಬ ಗದ್ದಲ. ಫೋಟೋ ಕಳಿಸಿದ್ದರು. ದಷ್ಟಪುಷ್ಟವಾಗಿತ್ತು, ತಲೆ ತುಂಬ ಕೂದಲು. ಅಕ್ಕನೂ ಹುಟ್ಟಿದಾಗ ಹೀಗೇ ಇದ್ದಳಂತೆ. ಆ ಫೋಟೋವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಏನು ಗೊತ್ತಾಗುತ್ತದೆ? ಆದರೂ ನೋಡುತ್ತಿದ್ದೆ.

ಹೊಸ ವರ್ಷದ ಹಣ ಮಳೆಗಾಲದ ಕೊನೆಗೆ ಬಂತು. ರಾಸಾಯನಿಕ ದಸರೆಯ ಹೊತ್ತಿಗೆ ಬಂದಿಳಿಯಿತು. ದೀಪಾವಳಿ ಕಳೆದ ಮೇಲೆ ಪರೀಕ್ಷೆ ಮುಗಿಸಿದೆ. ಅನುಮಾನ ಉಳಿಯದಂತೆ ಮತ್ತೆ ಮತ್ತೆ ಮಾಡಿದೆ. ಬೇರೆಯವರ ಕೋಶಗಳಲ್ಲಿ ಹೊಳೆಯುವ ಬಣ್ಣ ಬಂತು. ಕೆಸರೆಯ ಮಗುವಿನ ಕೋಶಗಳು ಪ್ರತಿ ಸಲವೂ ಮಂಕಾಗಿಯೇ ಉಳಿದವು. ಕಿಣ್ವ ಕೆಲಸ ಮಾಡುತ್ತಲೇ ಇರಲಿಲ್ಲ. ನನ್ನ ಊಹೆ ಸರಿಯಿತ್ತು. ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಈ ಕೆಲಸಕ್ಕೆ ನಾವು ಮರುಳಾಗುವುದು ಆ ಕ್ಷಣಕ್ಕೇ.

ಮೇಷ್ಟ್ರಿಗೆ ತೋರಿಸಲು ಓಡಿದೆ. ಅವರು ಫಲಿತಾಂಶದ ನಕ್ಷೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಶಭಾಷ್ ಎನ್ನಬಹುದೆಂದು ಕಾದೆ.

"ಆ ಹುಡುಗಿಗೆ ಹೆರಿಗೆ ಆಗಿ ನಾಲ್ಕು ತಿಂಗಳಾಯ್ತು ಅಲ್ವಾ?" ಎಂದರು. ನಕ್ಷೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. "ನಂಗೂ ಹೀಗೇ ಆಗ್ತಿತ್ತು ಕಣಮ್ಮ. ಒಂದು ಮನೆ ಅಲ್ಲ, ಎರಡು ಮನೆ ಅಲ್ಲ. ನಿಂಗೆ ಬೇರೆ ಥರ ಆಗುತ್ತೆ ಅಂದ್ಕೊಂಡು ಇದಕ್ಕೆ ಎಳೆದೆ. ಪುರಾವೆ ಸಿಗೋವರೆಗೆ ಕಾಯಬೇಕು ಅಂತ ಕಲಿಸಿದೆ. ಕಾಯೋದು ಬಿಟ್ಟು ಇನ್ನೇನೂ ಕಲಿಸಲೇ ಇಲ್ಲ ನಿಂಗೆ."

ಅಂಥ ಮಾತು ಅವರ ಬಾಯಲ್ಲಿ ಕೇಳಲು ನನಗೆ ಇಷ್ಟವಿರಲಿಲ್ಲ. ಹಾಗೆಲ್ಲ ಹೇಳಬೇಡಿ ಸರ್ ಎಂದೆ. ಅವರ ಹೆಂಡತಿ ಒಳಗಿನಿಂದ ಬಂದು, ಬಹಳ ದಿನಗಳ ಮೇಲೆ, ಒಂದು ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟರು. ಮೂವರೂ ಮುಟ್ಟಲಿಲ್ಲ.

ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಸ್ವೀಕಾರವಾಯಿತು. ವಿಭಾಗದಲ್ಲಿ ಹೂಗುಚ್ಛ ಕೊಟ್ಟು ಫೋಟೋ ತೆಗೆದರು. ಯೋಜನೆಯ ಅವಧಿಯನ್ನು ವಿಸ್ತರಿಸಿ ಎಂದು ಕೇಳಿದ್ದಕ್ಕೆ ಮಾತ್ರ, ಫಲಾನುಭವಿಗಳ ಸಂಖ್ಯೆ ತೀರಾ ಕಡಿಮೆ ಎಂಬ ಉತ್ತರ ಬಂತು. ಫಲಾನುಭವಿ ಎಂಬ ಪದವನ್ನು ಓದಿ ಒಬ್ಬಳೇ ಕೂತು ನಕ್ಕೆ. ಆಮೇಲೆ ಅತ್ತೆ. ಈ ತಿಂಗಳ ಕೊನೆಗೆ ನನ್ನ ಯೋಜನೆ ಮುಗಿಯುತ್ತದೆ. ಕುವೆಂಪುನಗರದ ಒಂದು ಕೋಚಿಂಗ್ ಸೆಂಟರಿನವರು ಜೀವಶಾಸ್ತ್ರ ಪಾಠಕ್ಕೆ ಕರೆದಿದ್ದಾರೆ. ಅಮ್ಮನಿಗೆ ಖುಷಿ, ತಿಂಗಳಿಗೆ ಸರಿಯಾಗಿ ಸಂಬಳ ಕೊಡುತ್ತಾರಂತೆ. ಕೋಶಗಳನ್ನೆಲ್ಲ ಶೀತಲೀಕರಿಸಿಟ್ಟಿದ್ದೇನೆ. ಆ ಫ್ರೀಜರ್ ಎಷ್ಟು ದಿನ ಓಡುತ್ತದೆಂದು ಕೇಳಲು ಧೈರ್ಯವಿಲ್ಲ.

ಒಂದು ಕೆಲಸ ಬಾಕಿ ಇತ್ತು. ಈಗ ಖಚಿತವಾಗಿ ಗೊತ್ತಾದ ಮೇಲೆ, ಆ ಗಂಡುಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಎಂದು ಒಂದಿಷ್ಟು ರಕ್ತದಿಂದ ಹೇಳಬಹುದು. ನಾಲ್ಕರಲ್ಲಿ ಮೂರು ಪಾಲು, ಏನೂ ಇಲ್ಲ ಎಂದೇ ಬರುತ್ತದೆ. ಲ್ಯಾಬು ಮುಚ್ಚುವ ಮೊದಲು ಅದನ್ನಾದರೂ ಮಾಡಿ ಅವರ ಮನಸ್ಸಿಗೆ ನೆಮ್ಮದಿ ಕೊಡೋಣ ಎಂದು ಹೋದ ವಾರ ಕೆಸರೆಗೆ ಹೋದೆ. ರಕ್ತ ತೆಗೆಯಲು ಮಕ್ಕಳ ಆಸ್ಪತ್ರೆಯ ನರ್ಸ್‌ಗೂ ಹೇಳಿಟ್ಟಿದ್ದೆ.

ಮನೆಯಲ್ಲಿ ಅವಳೊಬ್ಬಳೇ ಮಕ್ಕಳ ಜೊತೆ ಇದ್ದಳು. ದೊಡ್ಡದು ಚಾಪೆಯ ಮೇಲೆ ಮಲಗಿತ್ತು, ಮೂಗಿಗೆ ಟ್ಯೂಬು. ಚಿಕ್ಕದು ಅವಳ ತೊಡೆಯ ಮೇಲಿತ್ತು. ಅವಳು ಸೆರಗಿನ ತುದಿಯನ್ನು ಅದರ ಮುಖದ ಮೇಲೆ ಹಾಕಿ ತೆಗೆಯುತ್ತಿದ್ದಳು, ತೆಗೆದಾಗಲೆಲ್ಲ ಅದು ಕಿಲಕಿಲ ನಗುತ್ತಿತ್ತು. ಆಟ ನಿಲ್ಲಿಸದೆ ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಈಗ ಪೂರಾ ಗೊತ್ತಾಯ್ತದಾ?" ಎಂದಳು.

"ಗೊತ್ತಾಗುತ್ತೆ. ಇದೆ, ಇಲ್ಲ, ಎರಡರಲ್ಲಿ ಒಂದು."

"ಅದೆ ಅಂತ ಬಂದ್ರೆ, ಔಷ್ದಿ ಅದಾ?"

"ಇಲ್ಲಮ್ಮ. ಇನ್ನೂ ಇಲ್ಲ."

ಅವಳು ಸೆರಗನ್ನು ಕೆಳಗಿಳಿಸಿದಳು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸಿಟ್ಟು ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಹಂಗಾರೆ ಬೇಡ ಅಕ್ಕ" ಎಂದಳು. ಯಾವತ್ತೂ ಮೇಡಂ ಎನ್ನುತ್ತಿದ್ದವಳು ಅಂದು ಅಕ್ಕ ಎಂದಳು. "ಆಗ ಬೇಕಾಗಿತ್ತು, ಕಾಲು ಹಿಡ್ಕೊಂಡ್ ಕೇಳ್ದೆ. ಈಗ ಗೊತ್ತಾಗಿ ಏನ್ ಮಾಡ್ಲಿ? ಇವಳು ಹುಟ್ಟಿದಾಗ ನಂಗೇನೂ ಗೊತ್ತಿರ್ನಿಲ್ಲ. ಒಂದೂವರೆ ವರ್ಸ ಇವಳ ಜೊತೆ ಚೆನ್ನಾಗ್ ನಗ್ನಗ್ತಾ ಇದ್ದೆ. ಇವನ್ಗೂ ಅಷ್ಟು ಬುಟ್ಬುಡಿ."

ನನಗೆ ಹೇಳಲು ಮಾತುಗಳಿದ್ದವು. ಇಲ್ಲ ಎಂದೇ ಬರಬಹುದು, ಆಗ ಜೀವನವಿಡೀ ನೆಮ್ಮದಿ, ನಾಲ್ಕರಲ್ಲಿ ಮೂರು ಪಾಲು. ಒಂದನ್ನೂ ಹೇಳಲಿಲ್ಲ. "ಆಯ್ತಮ್ಮ" ಎಂದೆ.

ಅವಳು ಕಾಫಿ ಮಾಡಲು ಎದ್ದು, ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅದು ನನ್ನ ದುಪಟ್ಟದ ತುದಿ ಹಿಡಿದು ಎಳೆದು, ಮುಖವೆತ್ತಿ ನೋಡಿ, ಈಗ ನನ್ನ ಸರದಿ ಎಂಬಂತೆ ಕಾಯುತ್ತಿತ್ತು. ದುಪಟ್ಟವನ್ನು ಅದರ ಮುಖದ ಮೇಲೆ ಹಾಕಿ ತೆಗೆದೆ. ಅದು ನಕ್ಕಿತು. ಅದರ ಕೈ ಹಿಡಿತ ಗಟ್ಟಿಯಿದೆಯೇ, ಕತ್ತು ನೆಟ್ಟಗೆ ನಿಲ್ಲುತ್ತಿದೆಯೇ, ಕಣ್ಣು ನನ್ನನ್ನೇ ಹಿಂಬಾಲಿಸುತ್ತಿದೆಯೇ ಎಂದು ನಾನು ನೋಡುತ್ತಲೇ ಇದ್ದೆ. ನಗಲು ನನ್ನಿಂದ ಆಗಲಿಲ್ಲ.